ಶೇಕಡಾ ನಲವತ್ತರ ಗೆರೆ

"ಅಂಗವಿಕಲರಿಗೆ ಸರ್ಕಾರ ಎಷ್ಟೆಲ್ಲ ಕೊಡುತ್ತೆ! ನಮಗೇನಿದೆ ಹೇಳಿ?" ಈ ಮಾತನ್ನು ನಮ್ಮ ಸ್ಟಾಫ್ ರೂಮಿನಲ್ಲಿ, ಮದುವೆ ಮನೆಯ ಊಟದ ಸಾಲಿನಲ್ಲಿ, ಯಲಹಂಕದಿಂದ ಮೆಜೆಸ್ಟಿಕ್ಕಿಗೆ ಹೋಗುವ ಬಸ್ಸಿನಲ್ಲಿ ಅದೆಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಹೇಳುವವರು ಕೆಟ್ಟವರೇನಲ್ಲ. ಬಸ್ಸಿನಲ್ಲಿ ಮೀಸಲು ಸೀಟು, ನೌಕರಿಯಲ್ಲಿ ಮೀಸಲಾತಿ, ತಿಂಗಳ ಪಿಂಚಣಿ ಎಂದು ಒಂದೊಂದೇ ಬೆರಳು ಮಡಿಸಿ ಎಣಿಸುತ್ತಾರೆ. ಆ ಬೆರಳುಗಳನ್ನು ಬಿಡಿಸಿ ನೋಡಿದರೆ ಒಳಗೆ ಎಷ್ಟಿದೆ ಎಂದು ಮಾತ್ರ ಯಾರೂ ಕೇಳುವುದಿಲ್ಲ.

ಪಿಂಚಣಿಯನ್ನೇ ತೆಗೆದುಕೊಳ್ಳೋಣ. ನಮ್ಮ ರಾಜ್ಯದಲ್ಲಿ ಶೇಕಡಾ ೪೦ರಿಂದ ೭೫ರವರೆಗೆ ವೈಕಲ್ಯವಿರುವವರಿಗೆ ತಿಂಗಳಿಗೆ ೬೦೦ ರೂಪಾಯಿ ಸಿಗುತ್ತಿತ್ತು. ೨೦೨೧ರ ಜುಲೈನಲ್ಲಿ ಬಸವರಾಜ ಬೊಮ್ಮಾಯಿಯವರು ಮುಖ್ಯಮಂತ್ರಿಯಾದ ದಿನವೇ ಅದನ್ನು ೮೦೦ಕ್ಕೆ ಏರಿಸಿದರು. ಅದೇ ದಿನ ವಿಧವಾ ವೇತನವೂ ೮೦೦ ಆಯಿತು, ವೃದ್ಧರ ಸಂಧ್ಯಾ ಸುರಕ್ಷಾ ೧೨೦೦ ಆಯಿತು. ವಿಧವೆಯರಿಗೂ ವೃದ್ಧರಿಗೂ ಸಿಕ್ಕಿದ್ದಕ್ಕೆ ನನಗೇನೂ ಹೊಟ್ಟೆಯುರಿಯಿಲ್ಲ. ಅವರಿಗೂ ಅದು ಸಾಲದು. ಆದರೆ ೨೦೧೬ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ೨೪ನೆಯ ಕಲಮು ಏನು ಹೇಳುತ್ತದೆ ಗೊತ್ತೇ? ಇದೇ ಬಗೆಯ ಯೋಜನೆಯಲ್ಲಿ ಬೇರೆಯವರಿಗೆ ಎಷ್ಟು ಕೊಡುತ್ತೀರೋ, ಅದಕ್ಕಿಂತ ಕನಿಷ್ಠ ಶೇಕಡಾ ೨೫ ಹೆಚ್ಚಾಗಿ ಇವರಿಗೆ ಕೊಡಬೇಕು ಎನ್ನುತ್ತದೆ. ಇದು ಏಳನೆಯ ತರಗತಿಯ ಲೆಕ್ಕ. ೮೦೦ಕ್ಕೆ ಶೇಕಡಾ ೨೫ ಸೇರಿಸಿದರೆ ೧೦೦೦. ೧೨೦೦ಕ್ಕೆ ಸೇರಿಸಿದರೆ ೧೫೦೦. ಕಾಯ್ದೆ ಜಾರಿಗೆ ಬಂದಿದ್ದು ೨೦೧೭ರಲ್ಲಿ. ಅದಾಗಿ ನಾಲ್ಕು ವರ್ಷದ ಮೇಲೆ ಏರಿಸುವಾಗಲೂ ಈ ಲೆಕ್ಕವನ್ನು ಯಾರೂ ಮಾಡಲಿಲ್ಲ. ನನ್ನ ಮಕ್ಕಳು ಹೀಗೆ ಬರೆದಿದ್ದರೆ ಕೆಂಪು ಶಾಯಿಯಲ್ಲಿ ಸುತ್ತು ಹಾಕುತ್ತಿದ್ದೆ.

ಹೆಸರನ್ನು ಮಾತ್ರ ಉದಾರವಾಗಿ ಬದಲಿಸುತ್ತಾ ಬಂದಿದ್ದೇವೆ. ಅಂಗವಿಕಲರು ಹೋಗಿ ವಿಕಲಚೇತನರಾದರು. ೨೦೧೫ರ ಡಿಸೆಂಬರಿನಲ್ಲಿ ಪ್ರಧಾನಿಯವರು ರೇಡಿಯೋದಲ್ಲಿ ಮಾತಾಡಿದ ಮೇಲೆ ದಿವ್ಯಾಂಗರೂ ಆದರು. ದಿವ್ಯಾಂಗರಿಗೆ ಕೇಂದ್ರ ಸರ್ಕಾರ ತನ್ನ ಪಿಂಚಣಿ ಯೋಜನೆಯಲ್ಲಿ ಕೊಡುವುದು ತಿಂಗಳಿಗೆ ೩೦೦ ರೂಪಾಯಿ. ಅದೂ ವೈಕಲ್ಯ ಶೇಕಡಾ ೮೦ ಮುಟ್ಟಿರಬೇಕು, ಬಡತನದ ರೇಖೆಯ ಕೆಳಗಿರಬೇಕು.

ರಾಜ್ಯದ ಎಂಟುನೂರು ರೂಪಾಯಿಗೂ ಒಂದು ಗೆರೆ ಇದೆ. ಕುಟುಂಬದ ವರಮಾನ ವರ್ಷಕ್ಕೆ ೩೨,೦೦೦ ಮೀರಬಾರದು. ಅಂದರೆ ತಿಂಗಳಿಗೆ ೨,೬೬೬ ರೂಪಾಯಿ. ಆರ್.ಟಿ. ನಗರದಲ್ಲಿ ಎರಡು ಮನೆ ಪಾತ್ರೆ ತಿಕ್ಕುವ ಹೆಂಗಸೂ ಇದಕ್ಕಿಂತ ಹೆಚ್ಚು ದುಡಿಯುತ್ತಾಳೆ. ಹಾಗಾದರೆ ಈ ಊರಿನಲ್ಲಿ ಅರ್ಜಿ ಹಾಕುವವರು ಯಾರು? ನಿಜ ಹೇಳಿದವಳಿಗೆ ಪಿಂಚಣಿಯಿಲ್ಲ, ಸುಳ್ಳು ಹೇಳಿದವಳಿಗೆ ಇದೆ. ಕೈಯಾರೆ ಜನರನ್ನು ಸುಳ್ಳುಗಾರರನ್ನಾಗಿ ಮಾಡಿ, ಆಮೇಲೆ "ಅನರ್ಹರು ಸೇರಿಕೊಂಡಿದ್ದಾರೆ, ಪಟ್ಟಿ ಪರಿಶೀಲಿಸಿ" ಎಂದರೆ ಏನು ಹೇಳೋಣ?

ಇನ್ನು ಆ ನಲವತ್ತಕ್ಕೆ ಬರುತ್ತೇನೆ. ೧೯೯೫ರ ಕಾಯ್ದೆಯಲ್ಲಿ ಏಳು ಬಗೆಯ ವೈಕಲ್ಯಗಳಿದ್ದವು, ೨೦೧೬ರದರಲ್ಲಿ ಇಪ್ಪತ್ತೊಂದಾದವು. ಆಸಿಡ್ ದಾಳಿಗೆ ಸಿಕ್ಕವರು, ಥಲಸ್ಸೇಮಿಯಾ ಇರುವವರು, ಕಲಿಕೆಯ ತೊಂದರೆಯ ಮಕ್ಕಳು ಎಲ್ಲ ಸೇರಿದರು. ಬಹಳ ಒಳ್ಳೆಯದಾಯಿತು. ಆದರೆ ಶೇಕಡಾ ೪೦ರ ಗೆರೆ ಇದ್ದಲ್ಲೇ ಉಳಿಯಿತು. ಒಂದು ಕಣ್ಣು ಪೂರ್ತಿ ಹೋಗಿ ಇನ್ನೊಂದು ಚೆನ್ನಾಗಿದ್ದರೆ ಸರ್ಕಾರದ ಕೋಷ್ಟಕದಲ್ಲಿ ಅದು ಶೇಕಡಾ ೩೦. ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಹಾಗಿದ್ದಾಳೆ, ಬಿ.ಕಾಂ. ಮುಗಿಸಿದ್ದಾಳೆ. ಸರ್ಕಾರದ ಲೆಕ್ಕದಲ್ಲಿ ಅವಳಿಗೆ ಪಿಂಚಣಿಯಿಲ್ಲ, ಮೀಸಲಾತಿಯಿಲ್ಲ. ನೋಡಲು ಬಂದ ಗಂಡಿನ ಕಡೆಯವರ ಲೆಕ್ಕದಲ್ಲಿ ಅವಳು ಶೇಕಡಾ ನೂರು. ಮೂರು ಸಂಬಂಧ ಕಾಫಿ ಕುಡಿದು ಎದ್ದು ಹೋದವು.

ಅಂಕಿಯನ್ನಷ್ಟೇ ನೋಡಿ ವೈದ್ಯಕೀಯ ಸೀಟು ನಿರಾಕರಿಸಬಾರದು, ವಿದ್ಯಾರ್ಥಿ ಏನು ಮಾಡಬಲ್ಲ ಎಂಬುದನ್ನು ನೋಡಬೇಕು ಎಂದು ೨೦೨೪ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟು ಹೇಳಿತು. ಸೀಟಿಗೆ ಸಲ್ಲುವ ಈ ಮಾತು ಪಿಂಚಣಿಗೆ ಯಾಕೆ ಸಲ್ಲಬಾರದು?

ಸರಿ, ಶೇಕಡಾವಾರು ಬರೆಸಿಕೊಳ್ಳಲು ಅಲೆಯುವವರು ಯಾರು? ತಾಯಂದಿರು. ನಮ್ಮ ಶಾಲೆಯ ಹದಿಮೂರು ವರ್ಷದ ಹುಡುಗನೊಬ್ಬನಿಗೆ ಹುಟ್ಟಿನಿಂದ ಸೆರೆಬ್ರಲ್ ಪಾಲ್ಸಿ. ತಾಯಿ ಗಾರ್ಮೆಂಟ್ಸಿಗೆ ಹೋಗುತ್ತಾಳೆ. ಯುಡಿಐಡಿ ಕಾರ್ಡಿಗೆ ಅಂಗಡಿಯಲ್ಲಿ ದುಡ್ಡು ಕೊಟ್ಟು ಆನ್‌ಲೈನ್ ಅರ್ಜಿ ಹಾಕಿಸಿದಳು. ಆಸ್ಪತ್ರೆಗೆ ಹೋದ ಮೊದಲ ದಿನ ಬೋರ್ಡು ಕೂರುವ ದಿನವಲ್ಲ ಎಂದರು. ಎರಡನೆಯ ಸಲ ಮೂಳೆ ಡಾಕ್ಟರು ರಜೆ. ಮೂರನೆಯ ಸಲ ಹಳೆಯ ಸ್ಕ್ಯಾನಿಂಗ್ ರಿಪೋರ್ಟು ಬೇಕೆಂದರು. ಪ್ರತಿ ಸಲವೂ ಒಂದು ದಿನದ ಸಂಬಳ ಹೋಯಿತು, ಮಗನನ್ನು ಎತ್ತಿಕೊಂಡು ಬಸ್ಸು ಹತ್ತಲಾಗದೆ ಹೆಬ್ಬಾಳ ದಾಟಿ ಆಟೋ. ಮಹಿಳೆಯರಿಗೆ ೨೦೨೩ರಿಂದ ಬಸ್ಸು ಉಚಿತ, ನಿಜ. ಬಸ್ಸಿನ ಮೆಟ್ಟಿಲು ಮಾತ್ರ ಮೊದಲಿನಷ್ಟೇ ಎತ್ತರ. ಆಮೇಲೆ ಇನ್ನೊಂದು ಕಡೆ ಆಧಾರ್ ಪರೀಕ್ಷಿಸಲು ಹುಡುಗನ ಬೆರಳನ್ನು ಯಂತ್ರದ ಮೇಲೆ ನೆಟ್ಟಗೆ ಇಡಿಸಿ ಎಂದರಂತೆ. ಮುಷ್ಟಿ ಬಿಡಿಸಲು ಬಾರದ ಮಗು ಅದು. "ಮಿಸ್, ಇವನ ಕೈ ಬಿಡಿಸೋಕೆ ಆಗಿದ್ರೆ ನಾನ್ಯಾಕೆ ಅಲ್ಲಿಗೆ ಹೋಗ್ತಿದ್ದೆ?" ಎಂದು ನನ್ನನ್ನು ಕೇಳಿದಳು. ಕಾರ್ಡು ಕೊನೆಗೂ ಬಂತು. ಪಿಂಚಣಿ ಬರಲಿಲ್ಲ, ಅವಳ ಗಾರ್ಮೆಂಟ್ಸ್ ಸಂಬಳ ೩೨,೦೦೦ದ ಗೆರೆ ದಾಟುತ್ತದೆ.

ಪಿಂಚಣಿಗೆ ಹೋಗುವ ದಾರಿಯೇ ಬೇರೆ. ನಾಡಕಚೇರಿ ಅಥವಾ ಬೆಂಗಳೂರು ಒನ್, ಆದಾಯ ಪ್ರಮಾಣಪತ್ರ, ರೇಷನ್ ಕಾರ್ಡು, ಬ್ಯಾಂಕ್ ಪಾಸ್‌ಬುಕ್ಕು. ತಲೆಯ ಮೇಲೆ ವಾಯುಪಡೆಯ ವಿಮಾನ ಹಾರುವ ಯಲಹಂಕದಲ್ಲೂ ನಾವು ಇವತ್ತಿಗೂ ಗ್ರಾಮ ಲೆಕ್ಕಿಗರನ್ನೇ ಹುಡುಕಬೇಕು. ಅವರಿಗೆ ಈಗ ಗ್ರಾಮ ಆಡಳಿತಾಧಿಕಾರಿ ಎಂಬ ಹೊಸ ಹೆಸರು ಬಂದಿದೆ, ಹುಡುಕುವ ಕಷ್ಟ ಹಳೆಯದೇ. ಇಷ್ಟೆಲ್ಲ ಓಡಾಟದಲ್ಲಿ ಅಪ್ಪಂದಿರನ್ನು ನಾನು ಕಂಡಿದ್ದು ಕಡಿಮೆ. ಸಹಿ ಬೇಕಾದ ದಿನ ಬರುತ್ತಾರೆ.

ಎಲ್ಲಕ್ಕಿಂತ ನನ್ನನ್ನು ಕೆರಳಿಸಿದ್ದು ೨೦೨೪ರಲ್ಲಿ ತಿದ್ದಿದ ನಿಯಮ. ಮೊದಲು ಒಂದು ತಿಂಗಳಲ್ಲಿ ಪ್ರಮಾಣಪತ್ರ ಕೊಡಬೇಕಿತ್ತು, ಅದು ಮೂರು ತಿಂಗಳಾಯಿತು. ಆಗಲಿ, ಡಾಕ್ಟರುಗಳಿಗೂ ಕೆಲಸವಿದೆ. ಆದರೆ ಎರಡು ವರ್ಷ ಕಳೆದರೂ ವೈದ್ಯಕೀಯ ಪ್ರಾಧಿಕಾರ ತೀರ್ಮಾನ ಹೇಳದಿದ್ದರೆ ಆ ಅರ್ಜಿ ನಿಷ್ಕ್ರಿಯವಂತೆ! ಮತ್ತೆ ಹೊಸದಾಗಿ ಹಾಕಬೇಕು, ಇಲ್ಲವೇ ಅದೇ ಪ್ರಾಧಿಕಾರದ ಬಾಗಿಲು ಬಡಿದು ಎಬ್ಬಿಸಬೇಕು. ಮೇಷ್ಟರು ಉತ್ತರ ಪತ್ರಿಕೆ ತಿದ್ದದೆ ಮೂಲೆಯಲ್ಲಿಟ್ಟರೆ ಮಗು ಮತ್ತೆ ಪರೀಕ್ಷೆ ಬರೆಯಬೇಕೇ?

ಇಷ್ಟು ಹೊತ್ತು ಸರ್ಕಾರವನ್ನು ಬೈದೆ. ಇನ್ನು ನಮ್ಮ ಮನೆಗಳ ಮಾತು. ೨೦೧೧ರ ಜನಗಣತಿಗೆ ನಾನೂ ಬೀದಿ ಬೀದಿ ಸುತ್ತಿದವಳು. ಅದರಲ್ಲಿ ವೈಕಲ್ಯದ ಬಗ್ಗೆ ಒಂದು ಪ್ರಶ್ನೆಯಿತ್ತು. ಒಂದು ಮನೆಯಲ್ಲಿ ಗೃಹಿಣಿ ತಣ್ಣಗೆ ಮಜ್ಜಿಗೆ ಕೊಟ್ಟು, "ಇಲ್ಲ, ನಮ್ಮಲ್ಲಿ ಅಂಥೋರು ಯಾರೂ ಇಲ್ಲ" ಎಂದರು. ಒಳಕೋಣೆಯಿಂದ ಯಾರೋ ತಟ್ಟೆ ಬಡಿಯುತ್ತಿದ್ದರು, ಬಿಡದೆ. ಇಬ್ಬರಿಗೂ ಕೇಳಿಸುತ್ತಿತ್ತು. ಹೇಳಿದ್ದನ್ನು ಬರೆದುಕೊಳ್ಳುವುದಷ್ಟೇ ನಮ್ಮ ಕೆಲಸ, ಬರೆದುಕೊಂಡೆ. ಕರ್ನಾಟಕದಲ್ಲಿ ೧೩ ಲಕ್ಷಕ್ಕೂ ಹೆಚ್ಚು ಅಂಗವಿಕಲರಿದ್ದಾರೆಂದು ಆ ಗಣತಿ ಹೇಳಿತು. ಆ ತಟ್ಟೆಯ ಸದ್ದು ಅದರಲ್ಲಿ ಸೇರಿಲ್ಲ.

ನಾನು ಕಂಡಂತೆ, ಗಂಡುಮಗನಿಗಾದರೆ ಪ್ರಮಾಣಪತ್ರ ಮಾಡಿಸುತ್ತಾರೆ, ಮುಂದೆ ನೌಕರಿಗೆ ಬೇಕಾಗುತ್ತದಲ್ಲ. ಹೆಣ್ಣುಮಗಳಿಗೆ ಬೇಡ. "ಸರ್ಟಿಫಿಕೇಟ್ ಮಾಡಿಸಿದ್ರೆ ಮುದ್ರೆ ಒತ್ತಿದ ಹಾಗೆ ಆಗಲ್ವಾ ಮಿಸ್? ಅವಳ ತಂಗೀನೂ ಇದ್ದಾಳೆ" ಎನ್ನುತ್ತಾರೆ. ಹೀಗೆ ಮುಚ್ಚಿಟ್ಟು ಮುಚ್ಚಿಟ್ಟು ಮಗು ಹತ್ತನೆಯ ತರಗತಿಗೆ ಬರುತ್ತದೆ. ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯ ಸಿಗುತ್ತದೆ, ಬರೆದುಕೊಡಲು ಒಬ್ಬರು ಸಿಗುತ್ತಾರೆ ಎಂದು ಆಗ ಗೊತ್ತಾಗುತ್ತದೆ. ಕೇಳಲು ಕಾಗದವಿಲ್ಲ. ಕಿವಿ ಕೇಳದ ಹುಡುಗಿಯನ್ನು "ಸ್ವಲ್ಪ ಮಂದ" ಎಂದು ಹತ್ತು ವರ್ಷ ಹಿಂದಿನ ಬೆಂಚಿನಲ್ಲಿ ಕೂರಿಸಿದ್ದನ್ನು ನೋಡಿದ್ದೇನೆ. ಕಾಗದವಿಲ್ಲದಿದ್ದರೆ ನೆಂಟರಿಗೆ ಗೊತ್ತಾಗುವುದಿಲ್ಲವೇ? ಅವರಿಗೆ ನಮಗಿಂತ ಮೊದಲೇ ಗೊತ್ತಿರುತ್ತದೆ. ಗೊತ್ತಾಗದೆ ಉಳಿಯುವುದು ಸರ್ಕಾರಕ್ಕೆ ಮಾತ್ರ. ಗೊತ್ತಿಲ್ಲದವರಿಗೆ ಯಾರೂ ಬಜೆಟ್ಟಿನಲ್ಲಿ ಹಣ ಇಡುವುದಿಲ್ಲ.

ನಾನು ಕೇಳುವುದು ಬಹಳವಿಲ್ಲ. ಪೋಲಿಯೋ ಹನಿ ಹಾಕಲು ಮನೆ ಬಾಗಿಲಿಗೆ ಬರಬಲ್ಲ ವ್ಯವಸ್ಥೆ, ಶೇಕಡಾವಾರು ಅಳೆಯಲು ವರ್ಷಕ್ಕೊಮ್ಮೆ ಶಾಲೆಗೆ ಬರಲಿ. ವಾಸಿಯಾಗದೆಂದು ಡಾಕ್ಟರೇ ಬರೆದ ಮೇಲೆ ಮತ್ತೆ ಮತ್ತೆ ಕರೆಯದಿರಲಿ. ೩೨,೦೦೦ದ ಗೆರೆಯನ್ನು ಅಳಿಸಲಿ, ಮಗನನ್ನು ಸಾಕಲು ದುಡಿಯುವ ತಾಯಿಗೆ ಆ ದುಡಿಮೆಯೇ ಅಡ್ಡಿಯಾಗಬಾರದು. ೨೪ನೆಯ ಕಲಮಿನ ಲೆಕ್ಕವನ್ನು ಇನ್ನಾದರೂ ಮಾಡಲಿ.

ನೀವು ಅರ್ಜಿ ಕೊಟ್ಟಾಗ ಸ್ವೀಕೃತಿ ಚೀಟಿ ಇಲ್ಲದೆ ಹೊರಗೆ ಬರಬೇಡಿ. ತಾರೀಕು ಬರೆದಿಟ್ಟುಕೊಳ್ಳಿ, ಮೂರು ತಿಂಗಳಾದ ಮೇಲೆ ಕಾಗದ ಬರೆದು ಕೇಳಿ. ಶೇಕಡಾವಾರು ಕಡಿಮೆ ಬರೆದರೆಂದು ಅನ್ನಿಸಿದರೆ ಕಾಯ್ದೆಯ ೫೯ನೆಯ ಕಲಮಿನಲ್ಲಿ ಮೇಲ್ಮನವಿಗೆ ಅವಕಾಶವಿದೆ. ಕನ್ನಡದಲ್ಲೇ ಬರೆಯಬಹುದು. ಬರೆಯಲು ತೊಡಕಾದರೆ ನಿಮ್ಮ ಬೀದಿಯ ಯಾವ ಟೀಚರನ್ನಾದರೂ ಕೇಳಿ. ನಮ್ಮ ಮನೆಗೆ ಭಾನುವಾರ ಬೆಳಿಗ್ಗೆ ಮೂರು ನಾಲ್ಕು ಜನ ಬರುತ್ತಾರೆ. ಬಿಳಿ ಹಾಳೆ ನಾನೇ ತಂದಿಟ್ಟಿರುತ್ತೇನೆ.