ಕಾಲು ಅಂದರೆ ಯಾರ ಕಾಲು?

ಬೇಸಿಗೆ ರಜೆಗೆ ಪುಣೆಯಿಂದ ಮೊಮ್ಮಗಳು ಕಳ್ಳಂಬೆಳ್ಳಕ್ಕೆ ಬಂದಿದ್ದಳು. ಅವಳಿಗೆ ಕನ್ನಡ ಕಲಿಸುವ ಮೇಷ್ಟ್ರು ನಾನೇ. ಬ್ಯಾಂಕಿನಲ್ಲಿ ಲೆಡ್ಜರ್ ಬರೆದ ಕೈ ನೋಡಿ. ದಿನಕ್ಕೆ ನಾಲ್ಕು ಪುಟ ಕಾಗುಣಿತ ಬರೆಸಿದೆ, ತಪ್ಪಿಗೆಲ್ಲ ಕೆಂಪು ಗೆರೆ ಎಳೆದೆ. ಐದನೆಯ ದಿನ ಪುಸ್ತಕ ಅಕ್ಕಿ ಡಬ್ಬದ ಹಿಂದೆ ಸಿಕ್ಕಿತು. "ಮುಂದಿನ ರಜೆಗೆ ಬರಲ್ಲ" ಎಂದು ಅಜ್ಜಿಯ ಹತ್ತಿರ ಹೇಳಿದಳಂತೆ. ಆ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ.

ಮೈಸೂರಿನಲ್ಲಿ 1969ರಲ್ಲಿ ಶುರುವಾದ ಭಾರತೀಯ ಭಾಷಾ ಸಂಸ್ಥಾನವಿದೆ. ಬೇರೆ ರಾಜ್ಯಗಳ ಶಾಲಾ ಶಿಕ್ಷಕರು ಅದರ ಪ್ರಾದೇಶಿಕ ಕೇಂದ್ರಕ್ಕೆ ಬಂದು, ಹತ್ತು ತಿಂಗಳು ವಿದ್ಯಾರ್ಥಿಗಳಾಗಿ ಕನ್ನಡ ಕಲಿಯುತ್ತಾರೆ. ಪಾಠ ಹೇಳುವವರೇ ಬೆಂಚಿನ ಮೇಲೆ ಕೂರುತ್ತಾರೆ! ನಾನು ಮಾತ್ರ ಕುರ್ಚಿ ಬಿಟ್ಟು ಏಳಲೇ ಇಲ್ಲವಲ್ಲ ಅನ್ನಿಸಿತು.

ಮರುದಿನ ಪುಸ್ತಕ ಒಳಗಿಟ್ಟು ಅವಳನ್ನು ಸಂತೆಗೆ ಕರೆದೊಯ್ದೆ. "ಕಾಲು ಕೆಜಿ ಕಡಲೆಕಾಯಿ ಕೇಳು" ಅಂದೆ.

"ಯಾರ ಕಾಲು, ತಾತ?"

ನಾನು ತಬ್ಬಿಬ್ಬಾದೆ. ಮಾರುತ್ತಿದ್ದ ಅಜ್ಜಿ ನಕ್ಕು ಪಕ್ಕದಲ್ಲಿದ್ದ ಕುರಿಯನ್ನು ತೋರಿಸಿದರು. "ನೋಡವ್ವ, ಕುರಿಗೆ ನಾಲ್ಕು ಕಾಲು. ನಾಲ್ಕರಲ್ಲಿ ಒಂದು ಅಂದ್ರೆ ಕಾಲು. ಎರಡಾದ್ರೆ ಅರ್ಧ, ಮೂರಾದ್ರೆ ಮುಕ್ಕಾಲು."

ಮನೆ ಸೇರುವವರೆಗೂ ದಾರಿಯಲ್ಲಿ ಕಂಡ ಕುರಿಗಳ ಕಾಲನ್ನೆಲ್ಲ ಅವಳು ಎಣಿಸಿದ್ದೇ ಎಣಿಸಿದ್ದು: ಕಾಲು, ಅರ್ಧ, ಮುಕ್ಕಾಲು, ಒಂದು!

ಈಗ ಭಾನುವಾರ ಫೋನಿನಲ್ಲಿ ಅವಳು ನನಗೆ ಮರಾಠಿ ಕಲಿಸುತ್ತಾಳೆ. ಅಲ್ಲಿ ನಡೆಯುವ ಕಾಲು 'ಪಾಯ್', ತೂಗುವ ಕಾಲು 'ಪಾವ್'. ನಾನು ಅದಲುಬದಲು ಮಾಡುತ್ತೇನೆ. ಅವಳು ನಗುತ್ತಾಳೆ, ಕೆಂಪು ಗೆರೆ ಮಾತ್ರ ಎಳೆಯುವುದಿಲ್ಲ.