ಅಗ್ಗದ ಸರಕು ಅಲಕ್ಷ್ಯದ ಸರಕಲ್ಲ

ವಹಿವಾಟಿನ ಬಹುಪಾಲು ಹಣ ‘ಎ’ ವರ್ಗದ ಔಷಧಗಳದ್ದೇ, ‘ಸಿ’ ವರ್ಗಕ್ಕೆ ತಲೆಕೆಡಿಸಿಕೊಳ್ಳಬೇಡಿ ಎಂದು ದಾಸ್ತಾನನ್ನು ಎ, ಬಿ, ಸಿ ಎಂದು ವಿಂಗಡಿಸುವ ಎಬಿಸಿ ಕ್ರಮದ ಕುರಿತ ಲೇಖನವೊಂದರಲ್ಲಿ ಲೇಖಕರು ಔಷಧ ಅಂಗಡಿಗಳಿಗೆ ಬುದ್ಧಿ ಹೇಳಿದ್ದಾರೆ. ದುಬಾರಿ ದಾಸ್ತಾನಿನಲ್ಲಿ ಬಂಡವಾಳ ಸಿಕ್ಕಿಬೀಳುವುದು ನಿಜ. ಉಳಿದದ್ದು ಒಪ್ಪುವ ಮಾತಲ್ಲ.

ಒಂದು, ಎಬಿಸಿ ಅಳೆಯುವುದು ವಾರ್ಷಿಕ ಬಳಕೆಯ ಮೌಲ್ಯವನ್ನು, ಅಗತ್ಯವನ್ನಲ್ಲ. ಅಡ್ರಿನಲಿನ್ ಚುಚ್ಚುಮದ್ದು ಅಗ್ಗ. ತೀವ್ರ ಅಲರ್ಜಿಯಲ್ಲಿ ಜೀವ ಉಳಿಸುವುದು ಅದೇ. ಎರಡು, ‘ಸಿ’ ಎಂದರೆ ಪದೇಪದೇ ಎಣಿಸಬೇಡಿ, ಧಾರಾಳವಾಗಿ ಇಟ್ಟುಕೊಳ್ಳಿ ಎಂದರ್ಥ. ಕಪಾಟು ಖಾಲಿ ಬಿಡಿ ಎಂದಲ್ಲ. ಮೂರು, ಆಸ್ಪತ್ರೆಗಳಲ್ಲಿ ಎಬಿಸಿಯ ಜೊತೆಗೆ ವಿಇಡಿ (ಜೀವರಕ್ಷಕ, ಅಗತ್ಯ, ಅಪೇಕ್ಷಣೀಯ) ವಿಂಗಡಣೆಯನ್ನೂ ಬೆಸೆಯುವ ಕ್ರಮವಿದೆ. ಅಲ್ಲಿ ಅಗ್ಗದ ಜೀವರಕ್ಷಕಕ್ಕೂ ಮೊದಲ ಸ್ಥಾನ.

ಮಗುವಿಗೆ ಭೇದಿಯೆಂದು ರಾತ್ರಿ ಹತ್ತಕ್ಕೆ ಕೃಷ್ಣಮೂರ್ತಿಪುರಂನ ಅಂಗಡಿಗೆ ಓಆರ್‌ಎಸ್ ಕೇಳಿ ಬಂದವರಿಗೆ ‘ಅದು ಸಿ ವರ್ಗ’ ಎನ್ನಲಾದೀತೇ? ಪಟ್ಟಿಯನ್ನು ಹಣ ನೋಡಿ ಮಾಡಿ. ಆದ್ಯತೆಯನ್ನು ಪ್ರಾಣ ನೋಡಿ ಕೊಡಿ.