ಪೇಟಿಗೆ ಮೂಲ ಕೇಳಿದವರು

ಕಾಗವಾಡದಲ್ಲಿ ಚಹಾ ಕುಡಿಯುತ್ತ ಕೂತಿದ್ದ ನಾಲ್ಕು ಜನರನ್ನು ನಾವು ಕೇಳಿದೆವು: 'ರಾಮಭಾವು ಬಿಜಾಪುರೆ ಅಂದ್ರ ಯಾರ್ರಿ?' ಮೂವರು ತಲೆ ಅಲ್ಲಾಡಿಸಿದರು. ನಾಲ್ಕನೆಯವರು, 'ಹಳೇ ಪುಢಾರಿ ಇರಬೇಕ್ರಿ' ಎಂದರು.

ಬಿಜಾಪುರೆ ಪುಢಾರಿಯಲ್ಲ. 1917ರಲ್ಲಿ ಇದೇ ಕಾಗವಾಡದಲ್ಲಿ ಹುಟ್ಟಿ, ಹಾರ್ಮೋನಿಯಂ ಎಂಬ ಪೆಟ್ಟಿಗೆಯಿಂದ ಹಿಂದುಸ್ತಾನಿ ಸಂಗೀತದ ದೊಡ್ಡವರನ್ನೆಲ್ಲ ತಲೆದೂಗಿಸಿದವರು. ತಂದೆ ಕಲ್ಲೋಪಂತ ಶಾಲಾ ಮಾಸ್ತರರು, ನಾಟಕ ಬರೆದವರು. ಮಗ ಅಣ್ಣಿಗೇರಿ ಮಲ್ಲಯ್ಯನವರಲ್ಲಿ ಕಲಿತರು, ರಾಮಕೃಷ್ಣಬುವಾ ವಝೆಯವರಲ್ಲಿ ಗಾಯನ ಕಲಿತರು. 1938ರಲ್ಲಿ ಬೆಳಗಾವಿಯಲ್ಲಿ ಶ್ರೀರಾಮ ಸಂಗೀತ ವಿದ್ಯಾಲಯ ತೆರೆದರು. ಮಲ್ಲಿಕಾರ್ಜುನ ಮನ್ಸೂರ, ಗಂಗೂಬಾಯಿ ಹಾನಗಲ್, ಬಸವರಾಜ ರಾಜಗುರು, ಭೀಮಸೇನ ಜೋಶಿ ಇವರೆಲ್ಲರಿಗೂ ಸಾಥ್ ನೀಡಿದರು. 2010ರ ನವೆಂಬರಿನಲ್ಲಿ, 93ರ ವಯಸ್ಸಿನಲ್ಲಿ ತೀರಿಕೊಂಡರು.

ಪಿಯಾನೋ ನುಡಿಸುವವನು ಯುರೋಪಿನಲ್ಲಿ ವೇದಿಕೆಯ ನಡುವೆ ಕೂರುತ್ತಾನೆ. ಅವೇ ಕರಿ ಬಿಳಿ ಪಟ್ಟಿಗಳನ್ನು ನುಡಿಸುವ ನಮ್ಮ ಪೇಟಿ ಮಾಸ್ತರ ಗಾಯಕನ ಪಕ್ಕದಲ್ಲಿ ಕೂರುತ್ತಾನೆ. ಇರಲಿ, ಅದು ನಮ್ಮ ಸಂಗೀತದ ರಿವಾಜು. ನಮ್ಮ ತಕರಾರು ಪಕ್ಕದಲ್ಲಿ ಕೂರಿಸಿದ್ದಕ್ಕಲ್ಲ, ಬಾಗಿಲ ಹೊರಗೆ ನಿಲ್ಲಿಸಿದ್ದಕ್ಕೆ.

1940ರ ಮಾರ್ಚ್‌ನಲ್ಲಿ ಆಲ್ ಇಂಡಿಯಾ ರೇಡಿಯೋ ಹಾರ್ಮೋನಿಯಂ ಮೇಲೆ ನಿಷೇಧ ಹೇರಿತು. ಆಗ ಬಿಜಾಪುರೆಯವರಿಗೆ 23. ನಿಷೇಧ ಸಡಿಲವಾದದ್ದು 1971ರಲ್ಲಿ, ಅದೂ ಷರತ್ತಿನ ಮೇಲೆ. ಆಗ ಅವರಿಗೆ 54. ಒಬ್ಬ ವಾದಕನ ಬೆರಳು ಅತ್ಯಂತ ಚುರುಕಾಗಿರುವ 31 ವರ್ಷ ಅವನ ವಾದ್ಯವೇ ದೇಶದ ರೇಡಿಯೋಕ್ಕೆ ಬೇಡವಾಗಿತ್ತು. 1950ರಲ್ಲಿ ಧಾರವಾಡಕ್ಕೆ ಆಕಾಶವಾಣಿ ಬಂದಾಗಲೂ ಪೇಟಿಗೆ ಬಾಗಿಲು ತೆರೆಯಲಿಲ್ಲ.

ನಿಷೇಧ ಬೇಕೆಂದವರು ಯಾರು? ದಿಲ್ಲಿ ರೇಡಿಯೋದಲ್ಲಿದ್ದ ಇಂಗ್ಲಿಷ್ ಸಂಗೀತಗಾರ ಜಾನ್ ಫೌಲ್ಡ್ಸ್ ಇದರ ವಿರುದ್ಧ ಬರೆದ. ರವೀಂದ್ರನಾಥ ಠಾಕೂರರಿಗೂ ಪೇಟಿ ಸೇರುತ್ತಿರಲಿಲ್ಲ. ಆಳುವವರೂ ಸ್ವಾತಂತ್ರ್ಯ ಬೇಡುವವರೂ ಒಂದಾದ ಅಪರೂಪದ ಸಂಗತಿ ಇದು! ಪೇಟಿಯಲ್ಲಿ ಮೀಂಡ್ ಬರುವುದಿಲ್ಲ, ಹನ್ನೆರಡು ಸ್ವರಗಳಿಗೆ ಅದು ಕಟ್ಟುಬಿದ್ದಿದೆ ಎಂಬ ಮಾತು ಸುಳ್ಳಲ್ಲ. ಅದಕ್ಕೆ ಉತ್ತರ ಕೊಡಬೇಕಾದವನು ವಾದಕ, ಕೊಡಬೇಕಾದದ್ದು ಬೆರಳಿನಿಂದ. ಬಿಜಾಪುರೆ ಕೊಟ್ಟರು ಕೂಡ. ಆದರೆ ಈ ಮಾತಿನ ಬೆನ್ನಿಗೆ ಇನ್ನೊಂದು ಮಾತಿತ್ತು: 'ಇದು ಪರದೇಶದ್ದು.'

ಹೌದು, 1840ರ ದಶಕದಲ್ಲಿ ಪ್ಯಾರಿಸ್ಸಿನಲ್ಲಿ ಹುಟ್ಟಿದ್ದು. ಅಲ್ಲಿ ಕಾಲಲ್ಲಿ ತುಳಿದು ನುಡಿಸುತ್ತಿದ್ದರು. ಕಲ್ಕತ್ತೆಯ ದ್ವಾರಕಾನಾಥ ಘೋಷರು ಅದನ್ನು ಕೈಯಿಂದ ಗಾಳಿ ಹಾಕುವಂತೆ ಮಾಡಿ ನೆಲದ ಮೇಲೆ ಕೂರಿಸಿದರು. ಅಲ್ಲಿಂದ ಅದು ಚಿಕ್ಕೋಡಿಯ ಭಜನಿ ಮೇಳಕ್ಕೆ, ಅಥಣಿ ರಾಯಬಾಗದ ಪಾರಿಜಾತದಾಟಕ್ಕೆ, ನಿಪ್ಪಾಣಿಯ ಉರುಸಿನ ಕವ್ವಾಲಿಗೆ ಬಂತು. ಇಷ್ಟು ಮನೆಗಳಲ್ಲಿ ಉಂಡ ಮೇಲೂ ಅದು ಹೊರಗಿನದೆ?

ಮೂಲ ಕೇಳುವುದಾದರೆ ಎಲ್ಲರದನ್ನೂ ಕೇಳಿ. ಕಾಗವಾಡದಾಚೆಯ ಮಿರಜಿನಲ್ಲಿ ನೆಲೆಸಿದ್ದ ಉಸ್ತಾದ ಅಬ್ದುಲ್ ಕರೀಮ್ ಖಾನ್ ಉತ್ತರದ ಕೈರಾನಾದವರು. ಅವರ ಶಿಷ್ಯ ಕುಂದಗೋಳದ ಸವಾಯಿ ಗಂಧರ್ವ, ಆ ಶಿಷ್ಯನ ಶಿಷ್ಯರು ಗಂಗೂಬಾಯಿ, ಭೀಮಸೇನ. ಕೈರಾನಾದ ಖಾನದಾನವನ್ನು ಧಾರವಾಡದ ಹೆಮ್ಮೆ ಎನ್ನುವಾಗ ಯಾರೂ ಮೂಲ ಕೇಳುವುದಿಲ್ಲ. ಮಿರಜಿನ ತಂಬೂರಿಗೆ 2024ರಲ್ಲಿ ಜಿಐ ಮಾನ್ಯತೆ ಸಿಕ್ಕಿತು. ಅದನ್ನು ಮಾಡುತ್ತ ಬಂದವರು ಒಂದು ಕಾಲಕ್ಕೆ ಆಯುಧಗಳಿಗೆ ಸಾಣೆ ಹಿಡಿಯುತ್ತಿದ್ದ ಶಿಕಲಗಾರ ಮುಸ್ಲಿಂ ಮನೆತನಗಳು. ಆ ತಂಬೂರಿಯ ಶ್ರುತಿಯಲ್ಲಿ ವಿಠ್ಠಲನ ಅಭಂಗವೂ ನಡೆಯುತ್ತದೆ, ಶರಣರ ವಚನವೂ ನಡೆಯುತ್ತದೆ.

ನಮ್ಮವರಿಗೂ ಒಂದು ಮಾತು. ಪೇಟಿಯಿಂದ ಏಟು ತಿಂದವರು ಸಾರಂಗಿ ನುಡಿಸುತ್ತಿದ್ದ ಮುಸ್ಲಿಂ ಮನೆತನಗಳು. ಆ ನೋವು ನಮಗೆ ಗೊತ್ತು. ಆದರೆ ಪೇಟಿಯನ್ನು ಹೊರಗಿಟ್ಟ ರೇಡಿಯೋ ಸಾರಂಗಿಯವರ ಮೇಲಿನ ಮಮತೆಯಿಂದ ಹಾಗೆ ಮಾಡಲಿಲ್ಲ. ಅದೇ ರೇಡಿಯೋ ಮುಂದೆ ತವಾಯಫರಿಗೂ ಬಾಗಿಲು ಹಾಕಿತು. ಶುದ್ಧಿಯ ಪೊರಕೆ ಹಿಡಿದವರು ಒಂದೇ ಮೂಲೆ ಗುಡಿಸಿ ಸುಮ್ಮನಾಗುವುದಿಲ್ಲ. ಅಮೃತಸರದ ಸ್ವರ್ಣಮಂದಿರದಿಂದ ಹಾರ್ಮೋನಿಯಂ ತೆಗೆಯಬೇಕೆಂದು 2022ರಲ್ಲಿ ಅಕಾಲ್ ತಖ್ತ್ ಹೇಳಿತು. ಪೊರಕೆ ಇನ್ನೂ ಸವೆದಿಲ್ಲ.

ಈ ಗಡಿ ಸೀಮೆಯಲ್ಲಿ ನಾವು ಮನೆಯಲ್ಲಿ ಉರ್ದು, ಶಾಲೆಯಲ್ಲಿ ಕನ್ನಡ, ಸಂತೆಯಲ್ಲಿ ಮರಾಠಿ ಆಡಿ ಬೆಳೆದವರು. 'ನಿಮ್ಮ ಮೂಲ ಯಾವುದು?' ಎಂಬ ಪ್ರಶ್ನೆ ನಮಗೆ ಹೊಸದಲ್ಲ. ಉತ್ತರ ತಿಳಿಯಬೇಕೆಂದು ಆ ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ. ಎದ್ದು ಹೋಗಲಿ ಎಂದು ಕೇಳುತ್ತಾರೆ.

ಬಿಜಾಪುರೆ ಎದ್ದು ಹೋಗಲಿಲ್ಲ. ರೇಡಿಯೋ ಬೇಡವೆಂದ ವಾದ್ಯವನ್ನೇ ಮಕ್ಕಳ ಮುಂದಿಟ್ಟು ಏಳು ದಶಕ ಕಲಿಸುತ್ತ ಕೂತರು. ಅವರ ಶಿಷ್ಯರು ಇಂದು ಸಭೆಯ ನಡುವೆ ಕೂತು ಸೋಲೋ ನುಡಿಸುತ್ತಾರೆ.

ನಾವು ಕೇಳುವುದು ಪುತ್ಥಳಿಯನ್ನಲ್ಲ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಈ ಐದು ತಾಲೂಕುಗಳ ಕನ್ನಡ, ಮರಾಠಿ, ಉರ್ದು ಶಾಲೆಗಳಿಗೆ ಒಂದೊಂದು ಪೇಟಿ ಕೊಡಿ, ಕಲಿಸಲು ಒಬ್ಬ ಮಾಸ್ತರನನ್ನು ಕೊಡಿ. ಯಾವ ಭಾಷೆಯ ಕೂಸು ಒತ್ತಿದರೂ ಪೇಟಿಯ ಷಡ್ಜ ಷಡ್ಜವೇ.